ಮೂರನೇ ಕಂಬದ ಒಂಬತ್ತು ಗಟ್ಟಿ

2025ರ ನವೆಂಬರ್ 11, ಮಂಗಳವಾರ. ಬೆಳಿಗ್ಗೆ 10.40ಕ್ಕೆ ಹೊಳೆಕೋಡಿ ಪೊಲೀಸ್ ಠಾಣೆಗೆ ಬಂದರಿನ ಕಚೇರಿಯ ಕಿರಿಯ ಎಂಜಿನಿಯರ್ ಯೋಗೀಶ್ ಎರಡು ಪುಟದ ದೂರು ಹಿಡಿದುಕೊಂಡು ಬಂದರು. ಹೊಸ ಜೆಟ್ಟಿಯ ನೀರಿನಡಿಯಿಂದ ಹತ್ತೊಂಬತ್ತು ಆನೋಡ್‌ಗಳು ಕಳವಾಗಿವೆ ಎಂದು ಅದರಲ್ಲಿ ಬರೆದಿತ್ತು. ಹೆಡ್ ಕಾನ್‌ಸ್ಟೆಬಲ್ ಭೋಜರಾಜ ಅದನ್ನು ಎರಡು ಸಲ ಓದಿದರು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಬೈಕು, ಬಲೆ, ದನ, ತೆಂಗಿನಕಾಯಿ, ಗುಡಿಯ ಘಂಟೆ, ಒಮ್ಮೆ ಮದುಮಗನ ಬೂಟು ಕಳವಾದದ್ದನ್ನೂ ಬರೆದುಕೊಂಡವರು ಅವರು. ಆನೋಡ್ ಎಂಬುದನ್ನು ಅವರು ಕಂಡದ್ದಿಲ್ಲ, ಕೇಳಿದ್ದೂ ಇಲ್ಲ.

ಯೋಗೀಶ್ ಸಮಾಧಾನದಿಂದ ವಿವರಿಸಿದರು. ಉಕ್ಕಿನ ಕಂಬ ಉಪ್ಪುನೀರಿನಲ್ಲಿ ನಿಂತರೆ ತುಕ್ಕು ಹಿಡಿದು ಸವೆಯುತ್ತದೆ. ಆ ಕಂಬಕ್ಕೆ ತಾಗಿಸಿ ಅಲ್ಯೂಮಿನಿಯಂ ಬೆರಕೆಯ ಒಂದು ಗಟ್ಟಿಯನ್ನು ಬಿಗಿದರೆ ಉಪ್ಪುನೀರು ಮೊದಲು ಗಟ್ಟಿಯನ್ನು ತಿನ್ನುತ್ತದೆ, ಕಂಬವನ್ನು ಬಿಡುತ್ತದೆ. ವರ್ಷ ಹೋದಂತೆ ಗಟ್ಟಿ ಸವೆದು ಸಣ್ಣದಾಗುತ್ತದೆ, ಆಮೇಲೆ ಹೊಸತು ಹಾಕಬೇಕು. ಹೊಸ ಜೆಟ್ಟಿಗೆ ಅಂಥವು ನಲವತ್ತೆಂಟು ಇದ್ದವು, ಒಂದೊಂದೂ ಇಪ್ಪತ್ತು ಕಿಲೋ. ಶನಿವಾರ ಮುಳುಗುಗಾರ ರೋಹನ್ ತಪಾಸಣೆಗೆ ಇಳಿದಾಗ ಇಪ್ಪತ್ತೊಂಬತ್ತು ಮಾತ್ರ ಸಿಕ್ಕಿದವು.

"ಹಂಗಾರೆ ಸಮುದ್ರ ತಿಂದ್ರೂ ಹೋಪುದೇ, ಕಳ್ಳ ಕೊಂಡ್ಹೋದ್ರೂ ಹೋಪುದೇ" ಎಂದು ಭೋಜರಾಜ ಹೇಳಿದರು. ಯೋಗೀಶ್ ನಗಲಿಲ್ಲ. ಗಟ್ಟಿ ಇಲ್ಲದ ಕಂಬ ಎಷ್ಟು ದಿನ ನಿಲ್ಲುತ್ತದೆ ಎಂದು ಅವರಿಗೆ ಗೊತ್ತಿತ್ತು.

ಸಬ್ ಇನ್‌ಸ್ಪೆಕ್ಟರ್ ಸ್ನೇಹಲತಾ ಬ್ರಹ್ಮಾವರದ ಕಡೆಯವರು, ಹೊಳೆಕೋಡಿಗೆ ಬಂದು ಮೂರು ತಿಂಗಳು. ಭಾರತೀಯ ನ್ಯಾಯ ಸಂಹಿತೆ ಕಲಂ 303(2) ಮತ್ತು ಸಾರ್ವಜನಿಕ ಆಸ್ತಿ ಹಾನಿ ತಡೆ ಕಾಯ್ದೆಯಡಿ ಅಪರಾಧ ಸಂಖ್ಯೆ 87/2025 ಎಂದು ಎಫ್‌ಐಆರ್ ದಾಖಲಿಸಿ, 12.30ಕ್ಕೆ ಸ್ಥಳ ಪಂಚನಾಮೆಗೆ ಹೊರಟರು. ಭೋಜರಾಜ ಹಿಂದೆ ಹೋದರು. ಸಿದ್ದಾಪುರದ ಗದ್ದೆ ಬಯಲಿನಲ್ಲಿ ಬೆಳೆದ ಅವರಿಗೆ ಈಜು ಬಾರದು. ಜೆಟ್ಟಿಯ ಅಂಚಿನಿಂದ ನಾಲ್ಕು ಮಾರು ಒಳಗೇ ನಿಂತು ಪಂಚರ ಹೆಸರು ಬರೆದುಕೊಂಡರು.

ರೋಹನ್ ಕ್ಯಾಮೆರಾ ಹಿಡಿದು ನೀರಿಗಿಳಿದು, ಅರ್ಧ ಗಂಟೆಯ ಬಳಿಕ ಮೇಲೆ ಬಂದು ವಿಡಿಯೊ ತೋರಿಸಿದ. ಗಟ್ಟಿ ಇದ್ದ ಜಾಗದಲ್ಲಿ ಕಂಬಕ್ಕೆ ಬೆಸುಗೆ ಹಾಕಿದ ಬೋಲ್ಟುಗಳು ಮಾತ್ರ ಉಳಿದಿದ್ದವು. ಒಂದೊಂದು ಬೋಲ್ಟಿನ ಮೇಲೂ ನಟ್ ಇತ್ತು. ಕಳ್ಳ ನಟ್ ಬಿಚ್ಚಿ, ಗಟ್ಟಿ ತೆಗೆದು, ನಟ್‌ಗಳನ್ನು ಮತ್ತೆ ಅವುಗಳ ಜಾಗಕ್ಕೇ ತಿರುಗಿಸಿಟ್ಟು ಹೋಗಿದ್ದ. ಸ್ನೇಹಲತಾ ಆ ತುಣುಕನ್ನು ಮೂರು ಸಲ ಹಾಕಿಸಿ ನೋಡಿದರು.

"ಇದನ್ನು ಬಿಗಿದದ್ದು ಯಾರು?"

"ನಾವೇ, ಮೇಡಂ. ಹೋದ ವರ್ಷ ಅಕ್ಟೋಬರಿನಲ್ಲಿ" ಎಂದ ರೋಹನ್.

"ಸಹಾಯಕ್ಕೆ?"

"ಇಲ್ಲಿಯವರು ಇಬ್ಬರು. ಒಬ್ಬ ಈಗ ಗೋವಾದ ಬೋಟಿನಲ್ಲಿದ್ದಾನೆ. ಇನ್ನೊಬ್ಬರು ಪಚ್ಚಿಲೆ ತೆಗೆಯುವ ನಾಗ."

ಪಚ್ಚಿಲೆ ಎಂದರೆ ಬಂಡೆಗೆ ಕಚ್ಚಿಕೊಂಡು ಬೆಳೆಯುವ ಕಪ್ಪು ಚಿಪ್ಪು. ನೀರಿನ ಇಳಿತದ ಹೊತ್ತಿಗೆ ಮುಳುಗಿ, ಉಸಿರು ಹಿಡಿದು ಉಳಿಯಲ್ಲಿ ಬಿಡಿಸಿ ತರಬೇಕು. ಹೊಳೆಕೋಡಿಯಲ್ಲಿ ಆ ಕೆಲಸದಲ್ಲಿ ನಾಗನನ್ನು ಮೀರಿಸಿದವರಿಲ್ಲ. "ನಾಗ ಅಲ್ಲ, ಮೇಡಂ" ಎಂದು ಭೋಜರಾಜ ಕೂಡಲೇ ಹೇಳಿದರು. ಯಾಕೆ ಅಲ್ಲ ಎಂದು ಕೇಳಿದ್ದಕ್ಕೆ, ಅವರ ಮನೆಯಲ್ಲಿ ಒಂದು ಸಾವಾಗಿದೆ ಎಂದಷ್ಟೇ ಹೇಳಿ ಪೆನ್ನಿನ ಮುಚ್ಚಳ ಹಾಕಿದರು. ಇದು ಉತ್ತರವಾಗಲಿಲ್ಲ ಎಂದು ಸ್ನೇಹಲತಾಗೆ ಅನಿಸಿತು. ಆದರೂ ಆಗ ಬಿಟ್ಟರು.

12 ಮತ್ತು 13ರಂದು ಗುಜರಿ ಅಂಗಡಿಗಳ ತಪಾಸಣೆ ನಡೆಯಿತು. ಬೈಂದೂರು, ಕುಂದಾಪುರ, ಬಸ್ರೂರು, ಕೋಟ. ಕೋಟದ ಗುಜರಿ ವ್ಯಾಪಾರಿ ಪ್ರೇಮಾನಂದ ಫೋಟೊ ನೋಡಿ, ಇದನ್ನು ಯಾರಾದರೂ ತಂದಿದ್ದರೆ ತಾನು ಖಂಡಿತ ಕೊಳ್ಳುತ್ತಿದ್ದೆ, ತರಲಿಲ್ಲವಲ್ಲ ಎಂದು ನೊಂದುಕೊಂಡ. ಇಷ್ಟು ಪ್ರಾಮಾಣಿಕ ಹೇಳಿಕೆ ಈಚೆಗೆ ಸಿಕ್ಕಿರಲಿಲ್ಲ ಎಂದು ಭೋಜರಾಜ ಅದನ್ನು ಹಾಗೆಯೇ ಬರೆದುಕೊಂಡರು. ಡೀಸೆಲ್ ಬಂಕಿನ ಕ್ಯಾಮೆರಾ ಬಂದರಿನ ಗೇಟನ್ನು ಕಾಣುತ್ತದೆ. ಅದರಲ್ಲಿ ಉಳಿದಿದ್ದ ಒಂದು ತಿಂಗಳ ಚಿತ್ರದಲ್ಲಿ ಮೀನಿನ ಟ್ರೇ, ಐಸು, ಬಲೆ ಬಿಟ್ಟರೆ ಅನುಮಾನದ್ದು ಏನೂ ಹೊರಗೆ ಹೋಗಿರಲಿಲ್ಲ.

14ರ ಸಂಜೆ ಸ್ನೇಹಲತಾ ಬಂದರಿನ ನಕ್ಷೆಯನ್ನು ಮೇಜಿನ ಮೇಲೆ ಹರಡಿದರು. ಮಾಲು ಗೇಟು ದಾಟಿದ ಗುರುತಿಲ್ಲ, ಗುಜರಿಗೂ ಬಂದಿಲ್ಲ. ನೀರಿನಿಂದ ತೆಗೆದದ್ದು ನೀರಿನಲ್ಲೇ ಇರಬಹುದಲ್ಲವೇ ಎಂದು ಕೇಳಿದರು. ನಕ್ಷೆಯಲ್ಲಿ ಹೊಸ ಜೆಟ್ಟಿಯಿಂದ ಇನ್ನೂರು ಮೀಟರ್ ದೂರಕ್ಕೆ ಒಂದು ಚಿಕ್ಕ ಗೆರೆ ಇತ್ತು. ಅದು ಹಳೆ ದಕ್ಕೆ, ದೋಣಿ ತಾಗುವ ಕಟ್ಟೆ.

ಹಳೆ ದಕ್ಕೆ ನಲವತ್ತು ವರ್ಷದ ಹಿಂದಿನದು. ಉಕ್ಕಿನ ಕಂಬ, ಮೇಲೆ ಸಿಮೆಂಟಿನ ಹಾಸು. ಆಸ್ತಿ ಪಟ್ಟಿಯಿಂದ ಅದನ್ನು ತೆಗೆದುಹಾಕಿ ಮೂರು ವರ್ಷವಾಗಿದೆ ಎಂದು ಯೋಗೀಶ್ ಫೋನಿನಲ್ಲಿ ತಿಳಿಸಿದರು. 'ಅಪಾಯ, ಪ್ರವೇಶವಿಲ್ಲ' ಎಂಬ ಫಲಕವೂ ಇದೆ. ಆದರೆ ಹೊಸ ಜೆಟ್ಟಿಯನ್ನು ದೊಡ್ಡ ಬೋಟುಗಳ ಎತ್ತರಕ್ಕೆ ಕಟ್ಟಿದ್ದರಿಂದ ಅಲ್ಲಿ ನಿಂತ ಹೆಂಗಸರ ಕೈ ಚಿಕ್ಕ ದೋಣಿಗೆ ಎಟುಕುವುದಿಲ್ಲ. ಹಾಗಾಗಿ ಚಿಕ್ಕ ದೋಣಿಗಳು ಹಳೆ ದಕ್ಕೆಗೇ ಬರುತ್ತವೆ, ಮೀನು ಮಾರುವ ಹೆಂಗಸರೂ ಅಲ್ಲಿಯೇ ಕೂರುತ್ತಾರೆ. ಫಲಕದ ಕಾಲಿಗೆ ಅವರು ಕೊಡೆ ಒರಗಿಸಿಡುತ್ತಾರೆ.

ನವೆಂಬರ್ 15, ಶನಿವಾರ. ಬೆಳಿಗ್ಗೆ 11.15ಕ್ಕೆ, ಹೆಂಗಸರು ಎದ್ದುಹೋದ ಮೇಲೆ, ರೋಹನ್ ಹಳೆ ದಕ್ಕೆಯ ಕೆಳಗೆ ಇಳಿದ. ಹತ್ತು ನಿಮಿಷಕ್ಕೆ ತಲೆ ಮೇಲೆ ಬಂತು. "ಎಲ್ಲವೂ ಇಲ್ಲಿಯೇ ಇವೆ, ಮೇಡಂ" ಎಂದ. ಅವನ ದನಿಯಲ್ಲಿ ಮಾಲು ಸಿಕ್ಕಿದ ಖುಷಿ ಇರಲಿಲ್ಲ.

ಪಂಚನಾಮೆ ಮೂರು ಗಂಟೆ ಹಿಡಿಯಿತು. ಮೊಬೈಲಿನಲ್ಲಿ ಚಿತ್ರೀಕರಣ ನಡೆಯುತ್ತಿದ್ದಂತೆ ಗಟ್ಟಿಗಳು ಒಂದೊಂದಾಗಿ ಮೇಲೆ ಬಂದವು. ಎಲ್ಲವನ್ನೂ ಬಲೆಯ ನೈಲಾನ್ ಹಗ್ಗದಲ್ಲಿ ಕಂಬಕ್ಕೆ ಕಟ್ಟಿತ್ತು. ಗಂಟುಗಳು ಎಷ್ಟು ಬಿಗಿಯಾಗಿದ್ದವೆಂದರೆ ರೋಹನ್ ಕತ್ತರಿಸಿಯೇ ತೆಗೆಯಬೇಕಾಯಿತು. ಗಟ್ಟಿಗೂ ಕಂಬಕ್ಕೂ ನಡುವೆ ಲಾರಿ ಟ್ಯೂಬಿನ ರಬ್ಬರನ್ನು ಮಡಚಿ ಇಟ್ಟಿತ್ತು. ಬೋಟು ದಕ್ಕೆಗೆ ಉಜ್ಜದಿರಲಿ ಎಂದು ಇಲ್ಲಿಯವರು ಟಯರು ಇಳಿಬಿಡುತ್ತಾರಲ್ಲ, ಅದೇ ಕ್ರಮ. ಕಬ್ಬಿಣಕ್ಕೆ ಇನ್ನೊಂದು ಲೋಹ ತಾಗಿ ಪೆಟ್ಟಾಗಬಾರದು ಎಂಬುದು ಕಡಲಿನವರು ಮೊದಲು ಕಲಿಯುವ ಪಾಠ. ಯೋಗೀಶ್ ಒಂದು ರಬ್ಬರಿನ ತುಂಡನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

ಗಟ್ಟಿಗಳನ್ನು ತೂಗಲಾಯಿತು. ಪಾಚಿ ಕೆರೆದು ತೂಗಿದರೆ ಎಲ್ಲವೂ ಹೆಚ್ಚುಕಡಿಮೆ ಇಪ್ಪತ್ತು ಕಿಲೋ, ಕಾರ್ಖಾನೆಯಿಂದ ಬಂದಷ್ಟೇ. ರಬ್ಬರ್ ಅಡ್ಡ ಬಂದಿದ್ದರಿಂದ ಅವು ಕಂಬಕ್ಕೆ ತಾಗಿಯೇ ಇಲ್ಲ, ತಾಗದಿದ್ದರೆ ಏನೂ ಪ್ರಯೋಜನವಿಲ್ಲ, ಕಲ್ಲು ಕಟ್ಟಿದ್ದರೂ ಒಂದೇ ಎಂದು ಯೋಗೀಶ್ ತಗ್ಗಿದ ದನಿಯಲ್ಲಿ ಹೇಳಿದರು.

ಭೋಜರಾಜ ಲೆಕ್ಕ ಬರೆದರು. ದಕ್ಕೆಗೆ ಉಳಿದಿರುವುದು ಆರು ಕಂಬ. ಐದು ಕಂಬಗಳಿಗೆ ಎರಡೆರಡು ಗಟ್ಟಿ. ದಡದಿಂದ ಮೂರನೆಯ ಕಂಬಕ್ಕೆ ಮಾತ್ರ ಒಂಬತ್ತು.

"ಮೂರನೆಯದಕ್ಕೆ ಯಾಕೆ ಅಷ್ಟು?" ಎಂದು ಸ್ನೇಹಲತಾ ಕೇಳಿದರು. ಎಂಜಿನಿಯರಿಂಗ್ ಪ್ರಕಾರ ಕಾರಣ ಏನೂ ಇಲ್ಲ ಎಂದರು ಯೋಗೀಶ್. ಉತ್ತರ ಕೊಟ್ಟದ್ದು ಗುಲಾಬಿ. ಅರುವತ್ತು ದಾಟಿದ ಮೀನುಗಾರ್ತಿ. ಪೊಲೀಸರು ಬಂದದ್ದು ಕಂಡು ಬುಟ್ಟಿ ಸಮೇತ ಹಿಂದಿರುಗಿ ಬಂದು ಫಲಕದ ಬುಡದಲ್ಲಿ ಕುಳಿತಿದ್ದಳು.

"ಅದ್ ಸುಗುಣನ ಕಂಬ ಅಲ್ದಾ, ಅಮ್ಮ. ಈಗ ಅವಳ್ ಮಗ್ಳ್ ಕೂಕಂತ್ಳ್."

ಹೊಳೆಕೋಡಿಯ ಹೆಂಗಸರಿಗೆ ದಕ್ಕೆಯ ಮೇಲೆ ಒಬ್ಬೊಬ್ಬರಿಗೂ ಒಂದು ಜಾಗ. ಗೆರೆ ಎಳೆದದ್ದಿಲ್ಲ, ಚೀಟಿ ಬರೆದದ್ದಿಲ್ಲ. ಕೆಳಗಿನ ಕಂಬದಿಂದ ಗುರುತು. ತಾಯಿಯ ಜಾಗಕ್ಕೆ ಮಗಳೋ ಸೊಸೆಯೋ ಬರಬೇಕು, ಬೇರೆಯವರು ಅಲ್ಲಿ ಬುಟ್ಟಿ ಇಡುವುದಿಲ್ಲ. ಬಿಟ್ಟು ಎದ್ದವಳಿಗೆ ಇನ್ನೊಂದು ಜಾಗ ಸಿಗುವುದೂ ಇಲ್ಲ. ಸುಗುಣ ಯಾರು ಎಂದು ಸ್ನೇಹಲತಾ ಭೋಜರಾಜರ ಕಡೆ ತಿರುಗಿದರು. ಭೋಜರಾಜರ ಮುಖ ಇಳಿದುಹೋಗಿತ್ತು.

"ನಾಗನ ಹೆಂಡ್ತಿ, ಮೇಡಂ. ಫೈಲ್ ನಾನೇ ಬರ್ದದ್ದ್."

ಮಧ್ಯಾಹ್ನ 2.50ಕ್ಕೆ ಠಾಣೆಯಲ್ಲಿ ಆ ಕಡತ ಸಿಕ್ಕಿತು. ಅಸ್ವಾಭಾವಿಕ ಮರಣ ಸಂಖ್ಯೆ 31/2023. ಸೆಪ್ಟೆಂಬರ್ 21ರ ಬೆಳಿಗ್ಗೆ ದೋಣಿಯಿಂದ ಬುಟ್ಟಿ ತೆಗೆದುಕೊಳ್ಳಲು ದಕ್ಕೆಯ ತುದಿಗೆ ಹೋದಾಗ ತುದಿಯ ಕಂಬ ಮುರಿದು, ಹಾಸು ಸಹಿತ ಸುಗುಣ ನೀರಿಗೆ ಬಿದ್ದಿದ್ದಳು. ಭೋಜರಾಜರ ದುಂಡಗಿನ ಅಕ್ಷರದಲ್ಲಿ ಹೀಗಿತ್ತು: 'ಮೃತಳ ಗಂಡ ನಾಗ ಎಂಬವರು ನೀರಿನಲ್ಲಿ ಮುಳುಗಿ, ಸುಮಾರು ನಲವತ್ತು ನಿಮಿಷಗಳ ನಂತರ ಶವವನ್ನು ಮೇಲಕ್ಕೆ ತಂದಿರುತ್ತಾರೆ. ಮುರಿದ ಕಂಬವು ನೀರಿನ ಮಟ್ಟದಲ್ಲಿ ಕೈ ತೂರುವಷ್ಟು ತೂತಾಗಿದ್ದು, ಉಳಿದ ಕಂಬಗಳೂ ಹಾಗೆಯೇ ಇರುತ್ತವೆಂದು ತಿಳಿಸಿರುತ್ತಾರೆ.' ಕೆಳಗೆ ಆಕಸ್ಮಿಕ ಎಂದು ಬರೆದು ಕಡತ ಮುಚ್ಚಿತ್ತು.

ಉಳಿದ ಕಂಬಗಳ ಮಾತು ಯಾರಿಗೆ ತಿಳಿಸಿದಿರಿ ಎಂದು ಸ್ನೇಹಲತಾ ಕೇಳಿದರು. ಯಾರಿಗೂ ತಿಳಿಸಲಿಲ್ಲ ಎಂದು ಭೋಜರಾಜ ಹೇಳಿದರು. ನೀರಿನ ಕೆಳಗಿನದು ನಮಗೆ ಕಾಣುವುದಿಲ್ಲವಲ್ಲ ಎಂದು ಅಂದುಕೊಂಡಿದ್ದೆ ಎಂದರು. ನಾಗ ಆಮೇಲೆ ಬಂದರಿನ ಕಚೇರಿಗೆ ಮೂರು ಅರ್ಜಿ ಕೊಟ್ಟಿದ್ದ. 'ಸದರಿ ದಕ್ಕೆಯು ಬಳಕೆಯಲ್ಲಿರುವುದಿಲ್ಲ' ಎಂಬ ಒಂದೇ ಸಾಲಿನ ಉತ್ತರ ಮೂರು ಸಲವೂ ಹೋಗಿತ್ತು. ಯೋಗೀಶ್ ಅದರ ಪ್ರತಿಗಳನ್ನು ತಂದುಕೊಟ್ಟು, ಆಗ ತಾನು ಇಲ್ಲಿರಲಿಲ್ಲ ಎಂದರು. ಅದು ನಿಜವೂ ಆಗಿತ್ತು.

3.30ಕ್ಕೆ ಸ್ನೇಹಲತಾ ಭೋಜರಾಜರೊಂದಿಗೆ ನಾಗನ ಮನೆಗೆ ಹೋದಾಗ ಮಗಳು ಮೋಕ್ಷಿತಾ ಅಂಗಳದಲ್ಲಿ ಬುಟ್ಟಿ ತೊಳೆಯುತ್ತಿದ್ದಳು. ಇಪ್ಪತ್ತಮೂರು ವರ್ಷ. ತಾಯಿ ತೀರಿದ ಹದಿನಾರನೆಯ ದಿನಕ್ಕೆ ಅದೇ ಬುಟ್ಟಿ ಹಿಡಿದು ಅದೇ ಕಂಬದ ಮೇಲೆ ಕುಳಿತವಳು. ಅಪ್ಪ ಇಳಿತಕ್ಕೆ ಹೋಗಿದ್ದಾರೆ, ಈಗ ಬರುತ್ತಾರೆ ಎಂದಳು. ಗಟ್ಟಿಯ ಸಂಗತಿ ಅವಳಿಗೆ ಗೊತ್ತಿಲ್ಲವೆಂಬುದು ಎರಡು ಪ್ರಶ್ನೆಗೇ ತಿಳಿಯಿತು.

"ಅಪ್ಪ ನಿಮ್ಮ ಹತ್ತಿರ ದಕ್ಕೆಯ ಮಾತು ಆಡ್ತಿದ್ರಾ?"

"ದಿನಾ ಬೆಳಿಗ್ಗೆ ಕೇಂತ್ರ್, ನಿನ್ನೆ ಕಂಬ ಅಲ್ಗಾಡಿತಾ ಅಂದೇಳಿ. ಇಲ್ಲ ಅಂದೇಳಿ ಹೇಳ್ತೆ."

"ಅಲುಗಾಡ್ತದಾ?"

ಮೋಕ್ಷಿತಾ ಬುಟ್ಟಿಯನ್ನು ಬೋರಲು ಹಾಕಿದಳು. "ದೋಣಿ ತಾಗ್ರೆ ಅಲ್ಗಾಡತ್ತ್. ಅಪ್ಪಯ್ಯಂಗೆ ಹೇಳುಕಾತ್ತಾ? ನಿದ್ರಿ ಬಿಡ್ತ್ರ್."

ಬೇರೆ ಕಡೆ ಕೂರಬಾರದೇ ಎಂದು ಸ್ನೇಹಲತಾ ಕೇಳಿದರು. ಅದು ಅಬ್ಬಿಯ ಜಾಗ, ತಾಯಿಯ ಆ ಜಾಗ ಬಿಟ್ಟರೆ ತನಗೆ ಮೀನೇ ಇಲ್ಲ ಎಂದು ಹುಡುಗಿ ಹೇಳಿದಳು. ಗಂಡಸೊಬ್ಬ ಉಸಿರು ಕಟ್ಟಿ ನೀರಿನಡಿ ಕೆಲಸ ಮಾಡಿದ್ದೂ, ಅವನ ಮಗಳು ಮೇಲೆ ಕುಳಿತು ಅವನಿಗೆ ಸುಳ್ಳು ಹೇಳಿದ್ದೂ ಒಂದೇ ಕಂಬಕ್ಕಾಗಿ ಎಂದು ಯೋಚಿಸುತ್ತ ಸ್ನೇಹಲತಾ ಅಂಗಳದ ಮೂಲೆಯಲ್ಲಿದ್ದ ಕುರ್ಚಿಯಲ್ಲಿ ಕುಳಿತರು. ಆದರೂ ಕೆಲಸ ಬಿಡುವಂತಿರಲಿಲ್ಲ.

4.20ಕ್ಕೆ ನಾಗ ಬಂದ. ಐವತ್ತೈದರ ಆಸುಪಾಸು, ತೆಳ್ಳಗಿನ ಮೈ, ಉಪ್ಪಿಗೆ ಕೆಂಪಾದ ಕಣ್ಣು. ಪಚ್ಚಿಲೆಯ ಚೀಲ ಇಳಿಸಿ, ಪೊಲೀಸರನ್ನು ಕಂಡು, ಮಗಳಿಗೆ ಒಳಗೆ ಹೋಗು ಎಂದ. ಅವಳು ಹೋಗಲಿಲ್ಲ.

"ಜೆಟ್ಟಿಯ ಗಟ್ಟಿ ತೆಗೆದದ್ದು ನೀವಾ?"

"ಹೌದ್."

"ಜೊತೆಗೆ ಯಾರು?"

"ಒಬ್ನೆ."

"ಯಾವಾಗ?"

"ಹ್ವಾದ್ ವರ್ಷ ದೀಪಾವಳಿ ಕಳ್ದ್ ಸುರು ಮಾಡದ್ದ್. ಹಗ್ಲಿಗೇ."

ಹಗಲಿಗೇ, ಎಲ್ಲರ ಕಣ್ಣೆದುರು. ಪಚ್ಚಿಲೆಯವನು ಜೆಟ್ಟಿಯ ಕೆಳಗೆ ಮುಳುಗಿದರೆ ಯಾರೂ ತಿರುಗಿ ನೋಡುವುದಿಲ್ಲ. ನಟ್ ಬಿಚ್ಚಿ, ಗಟ್ಟಿಗೆ ಖಾಲಿ ಡೀಸೆಲ್ ಕ್ಯಾನ್ ಕಟ್ಟಿ ತೇಲಿಸಿ, ತನ್ನ ಫೈಬರ್ ದೋಣಿಯ ಹಿಂದೆ ಎಳೆದುಕೊಂಡು ಹೋದದ್ದನ್ನು ಅವನು ಕೆಲಸದ ವರದಿ ಒಪ್ಪಿಸಿದ ಹಾಗೆ ಹೇಳಿದ. ನಟ್ ವಾಪಸು ಹಾಕಿದ್ದು ಯಾಕೆ ಎಂದರೆ, ರೋಹನ್ ಸಾರ್ ಹಾಗೆ ಕಲಿಸಿದ್ದರು, ನಟ್ ಕಳೆಯಬಾರದು ಎಂದ. ಮೊದಲು ತೆಗೆದದ್ದು ಆರು, ಕಂಬಕ್ಕೊಂದು.

"ಮತ್ತೆ ಹೆಚ್ಚು ಯಾಕೆ ತೆಗೆದ್ರಿ?"

"ಗಟ್ಟಿ ಸವೆಲಿಲ್ಲ."

ನಾಗ ಚೀಲದೊಳಗಿನಿಂದ ಒಂದು ತುಂಡು ದಾರ ತೆಗೆದು ತೋರಿಸಿದ. ಬಲೆ ಹೆಣೆಯುವ ದಾರ, ನಡುವೆ ಒಂದು ಗಂಟು. ಪ್ರತಿ ಅಮಾವಾಸ್ಯೆಯ ಇಳಿತಕ್ಕೆ ಅದನ್ನು ಗಟ್ಟಿಯ ಸುತ್ತ ಹಾಕಿ ಅಳೆಯುತ್ತಿದ್ದ. ದಾರದ ತುದಿ ಮೊದಲ ದಿನ ಗಂಟಿಗೆ ಬಂದಿತ್ತು, ಆಮೇಲೆಯೂ ಅಲ್ಲಿಗೇ ಬರುತ್ತಿತ್ತು.

"ಗಟ್ಟಿ ಸವೆತಾ ಹೋದ್ರೆ ಕಂಬ ಉಳಿತ್ತ್ ಅಂದೇಳಿ ರೋಹನ್ ಸಾರ್ ಹೇಳಿದ್ರ್. ಇಲ್ಲಿ ಸವೆಲೇ ಇಲ್ಲ. ಗಟ್ಟಿ ಸಾಲ್ದೇನೋ ಅಂದೇಳಿ ಮತ್ತೆ ಆರ್ ತಂದೆ. ಆಗ್ಳೂ ಇಲ್ಲ. ಕಡಿಗೆ ಎಲ್ಲಾ ಕಂಬಕ್ಕೆ ನನ್ನಿಂದ ಆತ್ತಿಲ್ಲ, ಮಗ್ಳ್ ಕೂಕಂಬ ಕಂಬಕ್ಕಾರೂ ಆಯ್ಲಿ ಅಂದೇಳಿ ಉಳ್ದ ಏಳ್ ಅಲ್ಲಿಗೇ ಕಟ್ಟಿದೆ."

ಭೋಜರಾಜ ಬರೆಯುವುದನ್ನು ನಿಲ್ಲಿಸಿದರು. ಮೋಕ್ಷಿತಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ನಾಗ ದಾರವನ್ನು ಬೆರಳಿಗೆ ಸುತ್ತುತ್ತ, ಇಷ್ಟು ಹೊತ್ತೂ ಕೇಳಬೇಕೆಂದಿದ್ದದ್ದನ್ನು ಕೇಳಿದ.

"ನೀವ್ ತಕ್ಡಿಯಂಗೆ ತೂಗಿರ್ಬೇಕಲೆ, ಮೇಡಂ. ದಾರಕ್ಕೆ ಸಣ್ಣದ್ ಗೊತ್ತಾತ್ತಿಲ್ಲ. ಎಷ್ಟ್ ಸವ್ದಿತ್?"

ನೂರು ಗ್ರಾಮ್ ಎಂದು ಹೇಳಿದ್ದರೆ ಅವನು ನಂಬುತ್ತಿದ್ದ. ಸ್ನೇಹಲತಾ ಹೇಳಲು ಬಾಯಿ ತೆರೆದದ್ದೂ ಹೌದು. ಆದರೆ ನಾಳೆ ಬೆಳಿಗ್ಗೆ ಆ ಹುಡುಗಿ ಮತ್ತೆ ಅದೇ ಕಂಬದ ಮೇಲೆ ಹೋಗಿ ಕೂರುತ್ತಾಳೆ.

"ಏನೂ ಸವೆದಿಲ್ಲ. ಗಟ್ಟಿ ಕಂಬದ ಕಬ್ಬಿಣಕ್ಕೆ ತಾಗಬೇಕು. ಮಧ್ಯೆ ರಬ್ಬರ್ ಇತ್ತು."

"ತಾಗುಕಾಗ ಅಂದೇಳಿ ನಾನೇ ಟ್ಯೂಬ್ ಇಟ್ಟದ್ದ್" ಎಂದ ನಾಗ. "ತೆರೆಗೆ ಬಡ್ದ್ ಕಂಬಕ್ಕೆ ಪೆಟ್ಟಾತ್ತ್ ಅಂದೇಳಿ."

"ಹೌದು."

ಅವನು ಅಂಗಳದ ನೆಲ ನೋಡಿದ, ಆಮೇಲೆ ಮಗಳನ್ನು ನೋಡಿದ.

"ಹಂಗಾರೆ ಒಂದ್ ವರ್ಷ ಇಡೀ ನನ್ ಮಗ್ಳ್ ಕೂಕಂಡದ್ದ್ ಎಂತದ್ರ ಮೇಲೆ?"

5.10ಕ್ಕೆ ದಸ್ತಗಿರಿ ಮೆಮೊ ಬರೆಯಲಾಯಿತು. ಮನೆಯವರಿಗೆ ತಿಳಿಸಿದ ಬಗ್ಗೆ ಮೋಕ್ಷಿತಾಳ ಸಹಿ ತೆಗೆದುಕೊಂಡರು. ಜೀಪಿನ ತನಕ ಬಂದ ಅವಳು, ಅಪ್ಪನ ಒದ್ದೆ ಚಡ್ಡಿ ಬದಲಿಸಲು ಬಿಡಬಹುದೇ ಎಂದು ಕೇಳಿದಳು. ಬಿಟ್ಟರು. ಒಗೆದ ಪಂಚೆ, ಅಂಗಿ ಹಾಕಿಕೊಂಡು ಅವನು ಜೀಪು ಹತ್ತಿದ.

ರಾತ್ರಿಯಾಗುವ ಮೊದಲೇ ಸ್ನೇಹಲತಾ ಇನ್ನೊಂದು ಕೆಲಸ ಮಾಡಿದರು. ಹಳೆ ದಕ್ಕೆ ಆರೂ ಕಂಬಗಳ ಸಹಿತ ಕೃತ್ಯ ನಡೆದ ಸ್ಥಳವೆಂದು ಪಂಚನಾಮೆಯಲ್ಲಿ ಸೇರಿಸಿ, ಸಾಕ್ಷ್ಯ ನಾಶವಾಗದಂತೆ ಯಾರೂ ಕಾಲಿಡಬಾರದೆಂದು ಟೇಪು ಕಟ್ಟಿಸಿ, ಕಾವಲಿಗೆ ಭೋಜರಾಜರನ್ನೇ ಹಾಕಿದರು. ಮೂರು ಅರ್ಜಿಗೆ ಆಗದ್ದು ಒಂದು ಕಳ್ಳತನದ ಪಂಚನಾಮೆಗೆ ಆಯಿತು. ಮರುದಿನ ಬೆಳಿಗ್ಗೆ ಹೆಂಗಸರು ಬುಟ್ಟಿ ಹೊತ್ತು ಬಂದು, ಕೂರಲು ಎಡೆಯಿಲ್ಲದೆ ಟೇಪಿನ ಈಚೆ ನಿಂತು ಬೈದರು. ಭೋಜರಾಜ ಬೈಸಿಕೊಂಡರು. ಸೋಮವಾರ ರೋಹನ್ ಯಂತ್ರ ಹಿಡಿದು ಕಂಬಗಳ ದಪ್ಪ ಅಳೆದ. ಒಳಗೆ ಟೊಳ್ಳಾದ ಮೂರನೆಯ ಕಂಬದ, ಹನ್ನೆರಡು ಮಿಲಿಮೀಟರ್ ಇರಬೇಕಾದ ಉಕ್ಕು, ನೀರಿನ ಮಟ್ಟದಲ್ಲಿ ಎರಡೂವರೆಗೆ ಇಳಿದಿತ್ತು. ಯಂತ್ರ ಒತ್ತಿದ ಒಂದು ಕಡೆ ತೂತೇ ಬಿತ್ತು.

ನಾಗನಿಗೆ 19ರಂದು ಜಾಮೀನು ಸಿಕ್ಕಿತು. ಜನವರಿಯಲ್ಲಿ ದೋಷಾರೋಪಣ ಪಟ್ಟಿ ಹೋಯಿತು. ಅದರಲ್ಲಿ ಕೃತ್ಯದ ಉದ್ದೇಶ ಬರೆಯುವಾಗ ಭೋಜರಾಜ 2023ರ ಕಡತದ ಆ ಎರಡು ಸಾಲುಗಳನ್ನು ಹಾಗೆಯೇ ನಕಲು ಮಾಡಿದರು. ತನ್ನ ಕೈಬರಹವನ್ನೇ ಮತ್ತೆ ಬರೆಯುವಾಗ ಅವರ ಕೈ ನಿಧಾನವಾಯಿತು. ಹಳೆ ದಕ್ಕೆಯನ್ನು ಕೆಡವಲಾಯಿತು. ಹೆಂಗಸರಿಗೆ ಹೊಸ ಜೆಟ್ಟಿಯ ಉತ್ತರದ ತುದಿಯಲ್ಲಿ ದೋಣಿಗೆ ಇಳಿಯುವ ನಾಲ್ಕು ಮೆಟ್ಟಿಲು ಹಾಕಿಕೊಟ್ಟರು. ಅಲ್ಲಿ ಯಾವ ಕಂಬ ಯಾರದು ಎಂಬ ಜಗಳ ಇನ್ನೂ ಮುಗಿದಿಲ್ಲ. ಗುಲಾಬಿ ಸದ್ಯಕ್ಕೆ ಮೋಕ್ಷಿತಾಳನ್ನು ತನ್ನ ಪಕ್ಕದಲ್ಲಿ ಕೂರಿಸಿಕೊಂಡಿದ್ದಾಳೆ.

ಹತ್ತೊಂಬತ್ತು ಗಟ್ಟಿಗಳು ನ್ಯಾಯಾಲಯದ ಅನುಮತಿಯಿಂದ ಜೆಟ್ಟಿಗೆ ಮರಳಿದವು. ಡಿಸೆಂಬರ್ ಕೊನೆಗೆ ರೋಹನ್ ಅವನ್ನು ಹಳೆಯ ಬೋಲ್ಟುಗಳಿಗೇ ಬಿಗಿದ. ನಟ್‌ಗಳು ಅಲ್ಲಿಯೇ ಇದ್ದುದರಿಂದ ಕೆಲಸ ಬೇಗ ಮುಗಿಯಿತು. ಮಾರ್ಚ್‌ನಲ್ಲಿ ನೋಡಿದಾಗ ಗಟ್ಟಿಗಳ ಅಂಚು ಮೊಂಡಾಗಿ, ಮೈಯೆಲ್ಲ ಸಣ್ಣ ಸಣ್ಣ ಗುಳಿ ಬೀಳಲು ಶುರುವಾಗಿತ್ತು.

ಆ ಸಂಗತಿಯನ್ನು ನಾಗನಿಗೆ ಹೇಳಬೇಕೆಂದು ಭೋಜರಾಜರಿಗೆ ಅನಿಸಿತು. ವಿಚಾರಣೆಯ ತಾರೀಕಿನ ಸಮನ್ಸ್ ಕೊಡುವ ನೆಪದಲ್ಲಿ ಒಂದು ಮಧ್ಯಾಹ್ನ ಅವನ ಮನೆಗೆ ಹೋದರು. ನಾಗ ಇಳಿತಕ್ಕೆ ಹೊರಟು ಚೀಲ ಹೆಗಲಿಗೆ ಹಾಕಿಕೊಂಡಿದ್ದ. ದಾರ ಠಾಣೆಯ ಮುದ್ದೆಮಾಲು ಕೋಣೆಯಲ್ಲಿತ್ತು. ಈಗ ಅಳೆಯಲು ಅವನ ಹತ್ತಿರ ಏನೂ ಇರಲಿಲ್ಲ.

"ಗಟ್ಟಿ ಸವೆತಾ ಇತ್ತಂಬ್ರ್, ನಾಗ" ಎಂದರು ಭೋಜರಾಜ.

ನಾಗ ಸಮನ್ಸಿಗೆ ಸಹಿ ಮಾಡಿ, ಕಾಗದ ಹಿಂದೆ ಕೊಟ್ಟ.

"ಉತ್ರದ್ ತುದಿದಾ? ಮಗ್ಳ್ ಕೂಕಂಬ ಬದಿದಾ?"

"ಅಲ್ಲಿದೂ."

ನಾಗ ತಲೆ ಆಡಿಸಿದ. ಆಮೇಲೆ ನೀರು ಇಳಿಯುವ ಹೊತ್ತಾಯಿತೆಂದು ಉಳಿ ಹಿಡಿದುಕೊಂಡು ಬಂಡೆಗಳ ಕಡೆಗೆ ನಡೆದ.